ಲಿವರಿನ ಪಾಳಿ, ಕರೆಂಟಿನ ಪಾಳಿ

ಚೀನೀ ವೈದ್ಯ ಪದ್ಧತಿಯಲ್ಲಿ ಅಂಗಾಂಗಗಳಿಗೂ ಪಾಳಿ ಉಂಟು. ದಿನದ 24 ಗಂಟೆಯನ್ನು ಹನ್ನೆರಡು ಅಂಗಗಳಿಗೆ ಹಂಚಿದ ಆ ಲೆಕ್ಕದಲ್ಲಿ ರಾತ್ರಿ 1ರಿಂದ 3ರವರೆಗೆ ಲಿವರಿನ ಸರದಿ. ಸಿಟ್ಟಿನ ನೆಲೆಯೂ ಲಿವರೇ. ಹಾಗಾಗಿ ಆ ಹೊತ್ತಿಗೆ ಗಾಢ ನಿದ್ದೆ ಇರಲೇಬೇಕು ಎನ್ನುತ್ತದೆ ಆ ಪದ್ಧತಿ. ಮಂಡ್ಯ ಜಿಲ್ಲೆಯ ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಬೋರ್‌ವೆಲ್ ರೈತನಿಗೆ ಈ ಉಪದೇಶ ಕೇಳಿದರೆ ನಗು ಬಂದೀತು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದಾಗ ಅವನು ಅದೇ ಹೊತ್ತಿನಲ್ಲಿ ಟಾರ್ಚು ಹಿಡಿದು, ಹಾವಿನ ಭಯಕ್ಕೆ ಕಾಲು ಬಡಿಯುತ್ತ, ಮೋಟಾರು ಹಾಕಲು ಹೊರಟಿರುತ್ತಾನೆ.

ದಿನಚರಿ ತಿದ್ದಿಕೊಂಡರೆ ಮನಸ್ಸೂ ಮೈಯೂ ಹದಕ್ಕೆ ಬರುತ್ತವೆ ಎಂಬ ಮಾತು ಈಗ ಮೊಬೈಲಿನಲ್ಲಿ ದಿನಕ್ಕೊಂದು ಬರುತ್ತದೆ. ಮಾತು ಸುಳ್ಳಲ್ಲ. ಆದರೆ ದಿನಚರಿ ಯಾರ ಕೈಯಲ್ಲಿದೆ ಎಂದು ಕೇಳುವವರು ಕಡಿಮೆ.

ಸಿಟ್ಟು ಲಿವರನ್ನು, ದುಃಖ ಶ್ವಾಸಕೋಶವನ್ನು, ಭಯ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂದು ಚೀನಾದ ವೈದ್ಯಗ್ರಂಥ ‘ಹುವಾಂಗ್ದಿ ನೇಜಿಂಗ್’ ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿತು. ನಮಗೆ ಇದು ಹೊಸತಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಎರಡು ಪಟ್ಟಿ ಕೊಡುತ್ತದೆ. ಹಸಿವು, ನಿದ್ದೆ, ಸೀನು, ಕಣ್ಣೀರು ತಡೆಯಬಾರದವು. ಲೋಭ, ಕೋಪ, ಭಯ, ಅಸೂಯೆ ತಡೆಯಬೇಕಾದವು. ಕಣ್ಣೀರನ್ನು ಮೊದಲ ಪಟ್ಟಿಗೆ ಸೇರಿಸಿದವನು ಮನುಷ್ಯರನ್ನು ಹತ್ತಿರದಿಂದ ಕಂಡವನೇ ಇರಬೇಕು. ಇನ್ನು ಹುರುಳಿ ಉಷ್ಣ, ಮಜ್ಜಿಗೆ ತಂಪು ಎಂಬ ಲೆಕ್ಕವನ್ನು ಮಂಡ್ಯ ಸೀಮೆಯ ಅಡುಗೆಮನೆಗಳು ಯಾವ ಗ್ರಂಥವನ್ನೂ ಕೇಳದೆ ನಡೆಸಿಕೊಂಡು ಬಂದಿವೆ.

ದುಃಖದ ವಿಷಯಕ್ಕೆ ಬಂದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯನ್ನು ನೋಡಬೇಕು. 1948ರಲ್ಲಿ ಗಾಂಧೀಜಿಯ ಅಸ್ಥಿಯನ್ನೂ ಬಿಟ್ಟ ಜಾಗ ಅದು. ತಲೆ ಬೋಳಿಸಿಕೊಂಡ ಮಗ ಮಡಕೆ ಹಿಡಿದು ಕಾವೇರಿಗೆ ಇಳಿಯುತ್ತಾನೆ. ದಡದಲ್ಲಿ ಹೆಂಗಸರು ಬಾಯಿಬಿಟ್ಟು ಅಳುತ್ತಾರೆ, ಸುಮ್ಮನಿರಿ ಎಂದು ಯಾರೂ ಗದರುವುದಿಲ್ಲ. ಆಮೇಲೆ ಸ್ನಾನ, ತಿಥಿಯ ದಿನ ನೆಂಟರ ಜೊತೆ ಊಟ. ಒಬ್ಬರೇ ಕೂತು ಉಸಿರು ಎಣಿಸುವ ಅಭ್ಯಾಸಕ್ಕಿಂತ ಇದು ಗಟ್ಟಿ ಚಿಕಿತ್ಸೆ; ಇಲ್ಲಿ ದುಃಖ ಒಬ್ಬರದಾಗಿ ಉಳಿಯುವುದಿಲ್ಲ.

ಸಾಲದ ಚಿಂತೆಗೆ ಮಾತ್ರ ಅಂಥ ದಡವಿಲ್ಲ. 2015ರಲ್ಲಿ ಕಬ್ಬಿನ ಬಾಕಿ ಬಾರದೆ, ಬೆಲೆ ಬಿದ್ದು, ಮಂಡ್ಯ ಜಿಲ್ಲೆಯಲ್ಲಿ ಒಂದರ ಹಿಂದೊಂದು ರೈತರ ಆತ್ಮಹತ್ಯೆಗಳಾದವು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯೇ ನಿಂತುಹೋಗಿ, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಕಟಾವಾದ ಕಬ್ಬಿನ ದುಡ್ಡಿಗೆ ವರ್ಷಗಟ್ಟಲೆ ಕಾದವನಿಗೆ ಶುಂಠಿ ಕಷಾಯ ಕುಡಿ, ಅಂಗೈಯ ಬಿಂದು ಒತ್ತು ಎನ್ನುವುದು ಸಲಹೆಯಲ್ಲ, ಅಣಕ.

ಹಳೆಯದೆಲ್ಲ ನಿರಪಾಯ ಎಂಬ ನಂಬಿಕೆಯೂ ತರವಲ್ಲ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ಕಾರಣ ಅರಿಸ್ಟೊಲೋಕಿಕ್ ಆಮ್ಲ. ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿಯೂ ಆ ಆಮ್ಲವಿರುವ ಗಿಡಗಳ ಕುಲದ್ದೇ. ಹಾವು ಕಚ್ಚಿದರೆ ಬಳ್ಳಿ ಹುಡುಕದೆ ಆಸ್ಪತ್ರೆಗೆ ಹೋಗಬೇಕು, ಅಷ್ಟೇ.

ಹಾಗಾದರೆ ಆ ಚೀನೀ ಗಡಿಯಾರದಲ್ಲಿ ಹುರುಳಿಲ್ಲವೆ? ಎರಡು ಗಂಟೆಗೊಂದು ಅಂಗ ಎಂಬುದಕ್ಕೆ ಪುರಾವೆಯಿಲ್ಲ. ಮೈಯೊಳಗೆ ಗಡಿಯಾರವಿರುವುದಂತೂ ನಿಜ. ಅದರ ಒಳಯಂತ್ರ ಬಿಡಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ಬಂತು. ನಿದ್ದೆಗೆಟ್ಟವನ ಸಿಡಿಮಿಡಿಗೆ ಕಾರಣ ಅವನ ಸ್ವಭಾವವೇ ಆಗಬೇಕಿಲ್ಲ. ಬೇಗ ಉಂಡು ಬೇಗ ಮಲಗುವುದನ್ನು ಮಂಡ್ಯದ ಮುದ್ದೆ ಉಣ್ಣುವ ಮನೆಗಳಿಗೆ ಬೀಜಿಂಗಿನಿಂದ ಯಾರೂ ಬಂದು ಕಲಿಸಬೇಕಿಲ್ಲ. ರಾತ್ರಿ ಪಾಳಿಯ ಕರೆಂಟು ಮಲಗಲು ಬಿಡಬೇಕು.

ಮನಸ್ಸು ತೀರಾ ಕುಗ್ಗಿದವರಿಗೆ 14416ರಲ್ಲಿ ಟೆಲಿ ಮಾನಸ್ ಸಹಾಯವಾಣಿ ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉಳಿದ ಕೆಲಸ ವಿದ್ಯುತ್ ನಿಗಮದ್ದು. ಪಂಪ್‌ಸೆಟ್ ಫೀಡರುಗಳಿಗೆ ಸೌರ ವಿದ್ಯುತ್ ಜೋಡಿಸಿ ಹಗಲಲ್ಲೇ ಕರೆಂಟು ಕೊಡುವ ಕುಸುಮ್ ಯೋಜನೆ ಕೈಯಲ್ಲಿದೆ. ನಾಗಮಂಗಲ, ಕೆ.ಆರ್.ಪೇಟೆಯಂಥ ಬೋರ್‌ವೆಲ್ ತಾಲ್ಲೂಕುಗಳನ್ನು ಅದರಲ್ಲಿ ಮೊದಲ ಸಾಲಿಗೆ ತರಬೇಕು.