ಬೋರ್ಡು ಹೊರಗೆ, ಪಾಠ ಎಲ್ಲಿ?

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸರ್ಕಾರ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿಸಿತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಜಿಲ್ಲೆಗಳ ಪಟ್ಟಿಯ ಕೊನೆಗೆ ಯಾದಗಿರಿ. ಬೀದರ್ ಅಲ್ಲಿಂದ ಬಹಳ ದೂರವೇನೂ ಇರಲಿಲ್ಲ. ನಕಲು ಹಿಡಿಯಲು ಇಷ್ಟು ಚುರುಕಾಗಿ ಓಡಿದ ತಂತ್ರಜ್ಞಾನ, ಅದೇ ಮಕ್ಕಳು ಹತ್ತು ವರ್ಷ ತರಗತಿಯಲ್ಲಿ ಕೂತಿದ್ದಾಗ ಎಲ್ಲಿ ಮಲಗಿತ್ತು? ಬೀದರ್ ಜಿಲ್ಲೆಯ ಕಮಲನಗರದ ಪಾಲಕರು ಇದನ್ನು ಗಟ್ಟಿ ದನಿಯಲ್ಲಿ ಕೇಳಬೇಕು.

ದುಡ್ಡಿರಲಿಲ್ಲ ಎನ್ನುವಂತಿಲ್ಲ. 2001ರಲ್ಲೇ ‘ಮಾಹಿತಿ ಸಿಂಧು’ ಯೋಜನೆ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಕಲಿಸಲು ಬಂದವರು ಖಾಸಗಿ ಕಂಪನಿಗಳ ಬೋಧಕರು. ಗಣಿತದ ಮಾಸ್ತರರಿಗೂ ಆ ಕೋಣೆಗೂ ನಂಟೇ ಬೆಳೆಯಲಿಲ್ಲ. ಗುತ್ತಿಗೆ ಮುಗಿಯಿತು, ಬೋಧಕರು ಹೋದರು, ಪೆಟ್ಟಿಗೆಗಳು ಉಳಿದವು. ಆಮೇಲಿನ ಐಸಿಟಿ ಯೋಜನೆಯೂ ಬಹುಪಾಲು ಅದೇ ಜಾಡು ಹಿಡಿಯಿತು. ವಿಷಯ ಶಿಕ್ಷಕರಿಗೇ ದೊಡ್ಡ ಪ್ರಮಾಣದಲ್ಲಿ ತರಬೇತಿ ಕೊಡಬೇಕೆಂಬ ಬುದ್ಧಿ ಬಂದದ್ದು 2016ರ ಸುಮಾರಿಗೆ, ತಂತ್ರಜ್ಞಾನ ನೆರವಿನ ಕಲಿಕೆಯ ‘ಟಾಲ್ಪ್’ ಯೋಜನೆಯಲ್ಲಿ. ಈಗ ಸ್ಮಾರ್ಟ್ ಕ್ಲಾಸ್‌ಗಳ ಸರದಿ.

ಇದೇ ಕಮಲನಗರದಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಇಂದು ಗೋಡೆಯ ಮೇಲೆ ‘ಸ್ಮಾರ್ಟ್ ಕ್ಲಾಸ್’ ಎಂದು ಬಣ್ಣದಲ್ಲಿ ಬರೆಸುವುದು ಸುಲಭ. ಒಳಗೆ ಯುಪಿಎಸ್ ಬ್ಯಾಟರಿ ಕೆಟ್ಟರೆ ದುರಸ್ತಿಗೆ ಯಾವ ಲೆಕ್ಕದಿಂದ ದುಡ್ಡು ತೆಗೆಯಬೇಕೆಂದು ಮುಖ್ಯಗುರುಗಳಿಗೆ ಹೇಳುವವರಿಲ್ಲದಿದ್ದರೆ ಆ ಬೋರ್ಡು ಯಾರನ್ನು ಮೋಸಗೊಳಿಸಲು?

ಗಡಿಯ ಈ ತಾಲ್ಲೂಕಿಗೆ ಮಹಾರಾಷ್ಟ್ರದ ಉದಗೀರ್ ಪೇಟೆ ಹತ್ತಿರ, ಬೆಂಗಳೂರು ಬಲು ದೂರ. ಮನೆಯಲ್ಲಿ ಮರಾಠಿಯನ್ನೋ ಲಂಬಾಣಿಯನ್ನೋ ಆಡುವ ಮಗು ಕನ್ನಡದ ವಿಜ್ಞಾನ ಪುಸ್ತಕ ತೆರೆದರೆ ಮೊದಲು ಎಡವುವುದು ವಾಕ್ಯಕ್ಕೆ, ವಿಜ್ಞಾನಕ್ಕೆ ಆಮೇಲೆ. ಎಲ್ಲೋ ತಯಾರಾದ ವಿಡಿಯೊ ಓಡಿಸಿ ಮಾಸ್ತರರು ಕುರ್ಚಿಗೆ ಒರಗಿದರೆ ಆ ಮಗು ಸಿನಿಮಾ ನೋಡಿದಂತಾಯಿತು, ಅಷ್ಟೇ. ಅದೇ ಪರದೆಯ ಮೇಲೆ ಗಣಿತದ ಟೀಚರ್ ಜಿಯೋಜೀಬ್ರಾ ತಂತ್ರಾಂಶ ತೆರೆದು, ತ್ರಿಭುಜದ ಒಂದು ಶೃಂಗ ಹಿಡಿದು ಎಳೆಯಲಿ. “ಮೂರೂ ಕೋನ ಬದಲಾದ್ವು, ಈಗ ಕೂಡಿಸಿದ್ರ ಎಷ್ಟಾತು?” ಎಂದು ಹಿಂದಿನ ಬೆಂಚಿನವನನ್ನು ಎಬ್ಬಿಸಿ ಕೇಳಲಿ. ಮತ್ತೂ 180 ಬಂದಾಗ ನಂಬಿಕೆ ಹುಟ್ಟದೆ ಅವನೇ ಎದ್ದು ಬಂದು ಎಳೆದು ನೋಡುತ್ತಾನೆ. ಲಂಬಾಣಿಯಲ್ಲಿ ಲೆಕ್ಕ ಹಾಕಿಕೊಂಡರೂ ಉತ್ತರ ಕನ್ನಡದಲ್ಲಿ ಹೇಳುತ್ತಾನೆ. ಈ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಡ. ನಮ್ಮ ರಾಜ್ಯದ ಶಿಕ್ಷಕರೇ ಕೈಜೋಡಿಸಿ ಕನ್ನಡದಲ್ಲಿ ಬೆಳೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ಗಳು ವರ್ಷಗಳಿಂದ ಉಚಿತವಾಗಿ ಲಭ್ಯ ಇವೆ. ಟೆಂಡರು ಕರೆಯಬೇಕಾಗಿಲ್ಲದ ಕಾರಣಕ್ಕೋ ಏನೋ, ಅವುಗಳ ಮಾತು ಸಭೆಗಳಲ್ಲಿ ಕೇಳಿಬರುವುದು ಕಡಿಮೆ.

ಇನ್ನು ಶಿಕ್ಷಕರ ಮೊಬೈಲು. ಅದು ಪಾಠಕ್ಕಿಂತ ಲೆಕ್ಕಕ್ಕೇ ಹೆಚ್ಚು ದುಡಿಯುತ್ತಿದೆ: ವಿದ್ಯಾರ್ಥಿಗಳ ಮಾಹಿತಿಯ ಸ್ಯಾಟ್ಸ್ ಎಂಟ್ರಿ, ಬಿಸಿಯೂಟ, ಮೊಟ್ಟೆ, ಬಾಳೆಹಣ್ಣು, ಗುಂಪಿಗೆ ಫೋಟೊ. ಇದನ್ನೂ ಡಿಜಿಟಲ್ ಶಿಕ್ಷಣದ ಖಾತೆಗೆ ಬರೆದುಕೊಳ್ಳುವುದು ನಾಚಿಕೆಗೇಡು.

ಹೊಣೆ ಯಾರದೆಂಬುದರಲ್ಲಿ ಗೊಂದಲವಿಲ್ಲ. ಖರೀದಿಯನ್ನೇ ಸಾಧನೆಯೆಂದು ಎಣಿಸುವ ಇಲಾಖೆಯದು, ರಿಬ್ಬನ್ ಕತ್ತರಿಸಿ ಹೋದ ಮೇಲೆ ಮತ್ತೆ ಆ ಕೋಣೆಗೆ ಇಣುಕದ ಜನಪ್ರತಿನಿಧಿಗಳದು. ಕಮಲನಗರ, ಔರಾದ್, ಭಾಲ್ಕಿಯ ಶಾಲೆಗಳಿಗೆ ಇನ್ನೊಂದು ಪರದೆ ಮಂಜೂರು ಮಾಡುವ ಮುಂಚೆ, ಇರುವ ಪರದೆ ವಾರಕ್ಕೆ ಎಷ್ಟು ಪೀರಿಯಡ್ ನಡೆಯಿತು, ಯಾವ ಪಾಠಕ್ಕೆ ಎಂಬ ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪಾಲಕರ ಎದುರು ಓದಿಸಬೇಕು. ಐದು ವರ್ಷದ ನಿರ್ವಹಣೆ ವೆಚ್ಚ, ವಿಷಯ ಶಿಕ್ಷಕರ ತರಬೇತಿ ಎರಡೂ ಇಲ್ಲದ ಪ್ರಸ್ತಾವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಂದರೆ ಅದನ್ನು ಹಿಂದಕ್ಕೆ ಕಳಿಸಬೇಕು. ಆ ದುಡ್ಡಿನಲ್ಲಿ ಮೊದಲು ಖಾಲಿ ಬಿದ್ದಿರುವ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ಕೊಡಲಿ, ಶಾಲೆ ತೆರೆದ ದಿನವೇ ಕೊಡಲಿ.