ಬುತ್ತಿಗಂಟು ಮತ್ತು ರಾಜಧಾನಿ

ಕಡಿಮೆ ಖರ್ಚಿನಲ್ಲಿ ಮಹಾನಗರ ನೋಡಿ ಬರುವುದು ಹೇಗೆ ಎಂದು ಉಳ್ಳವರ ಪತ್ರಿಕೆಗಳು ಆಗಾಗ ಪಾಠ ಹೇಳುತ್ತವೆ. ರಾತ್ರಿ ಬಸ್ಸು ಹಿಡಿಯಿರಿ, ಒಂದು ದಿನದ ಲಾಡ್ಜಿನ ಬಾಡಿಗೆ ಉಳಿಯುತ್ತದೆ. ತಿನ್ನಲು ಮನೆಯಿಂದಲೇ ಒಯ್ಯಿರಿ. ಆದಷ್ಟೂ ನಡೆಯಿರಿ, ಆರೋಗ್ಯಕ್ಕೂ ಒಳ್ಳೆಯದು.

ಇದನ್ನ ನಮಗ ಹೇಳಾಕ ಬಂದ್ರೇನ್ರಿ? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕೇರಿಗಳ ಮಂದಿ ಈ ವಿದ್ಯೆಯಲ್ಲಿ ಹುಟ್ಟಾ ಪಂಡಿತರು. ನಾಲ್ಕು ದಿನ ಕೆಡದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ, ಹಳೇ ಧೋತರದ ತುಂಡಿನಲ್ಲಿ ಗಂಟು. ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಅವುಗಳ ಝೆರಾಕ್ಸು, ಪ್ಲಾಸ್ಟಿಕ್ ಚೀಲದಲ್ಲಿ. ಸಾಲ ತಂದ ರೊಕ್ಕ ಒಳ ಅಂಗಿಯ ಕಿಸೆಯಲ್ಲಿ. ನಾವು ಊರು ಬಿಡುವುದು ಹೀಗೆ.

ಆದರೆ ಒಂದು ಮಾತು ತಿಳಿದಿರಲಿ. ನಾವು ನಗರ ನೋಡಲು ಹೋಗುವವರಲ್ಲ. ನಗರ ನಮ್ಮನ್ನು ಕರೆಸಿಕೊಳ್ಳುತ್ತದೆ. ಕೆಲಸದ ಸಂದರ್ಶನಕ್ಕೆ ಕರೆಸುತ್ತದೆ, ದಾಖಲೆ ಪರಿಶೀಲನೆಗೆ ಕರೆಸುತ್ತದೆ, ಕ್ಯಾನ್ಸರಿನ ಗಂಟಿಗೆ ಮದ್ದು ಇಲ್ಲೇ ಇದೆ ಎಂದು ಕರೆಸುತ್ತದೆ, ತಡೆದಿಟ್ಟ ಕಡತ ಸರಿಸಲು ಕರೆಸುತ್ತದೆ. ಕರೆಸಿಕೊಂಡ ಮೇಲೆ, ರಾತ್ರಿ ಎಲ್ಲಿ ಮಲಗ್ತೀಯೋ ತಮ್ಮಾ ಎಂದು ಕೇಳುವುದಿಲ್ಲ. ನಮ್ಮ ಸಿಟ್ಟು ಇರುವುದು ಇಲ್ಲಿ.

ಈ ಕರೆ ಹೊಸದೇನಲ್ಲ. ಜಮಖಂಡಿಯಲ್ಲಿ ಪಟವರ್ಧನರಿದ್ದರು, ಮುಧೋಳದಲ್ಲಿ ಘೋರ್ಪಡೆಯವರಿದ್ದರು. ಅರಮನೆ ಊರೊಳಗೇ ಇತ್ತು. ಕೈಕಟ್ಟಿ ನಿಂತು ಬೈಗುಳ ತಿಂದು ಸಂಜೆಗೆ ಮನೆಗೆ ಬರಬಹುದಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು, ರಾಜಧಾನಿ ಮುಂಬಯಿ ಆಯಿತು. 1956ರ ನವೆಂಬರ್ 1ಕ್ಕೆ ಅದು ಬೆಂಗಳೂರಾಯಿತು. ರಾಜರು ಹೋದರು, ರಾಜ್ಯ ಬದಲಾಯಿತು, ಬಾಗಿಲಿನ ಮುಂದೆ ನಿಲ್ಲುವವರು ಬದಲಾಗಲಿಲ್ಲ. ಬಾಗಿಲು ಮಾತ್ರ ಐನೂರು ಕಿಲೋಮೀಟರಿಗೂ ದೂರ ಹೋಯಿತು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗ, ಇನ್ನಾದರೂ ದಾರಿ ಸವೆಯುವುದು ತಪ್ಪೀತು ಎಂದುಕೊಂಡೆವು. ಚಳಿಗಾಲಕ್ಕೊಮ್ಮೆ ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ಕಡತ ಬೆಂಗಳೂರಿನಲ್ಲೇ ಕೂತಿರುತ್ತದೆ.

ಒಂದು ಪ್ರಯಾಣದ ಲೆಕ್ಕ ಬಿಚ್ಚೋಣ.

ನಮ್ಮ ಈ ನಾಲ್ಕು ಊರಿಗೂ ರೈಲಿಲ್ಲ. ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಮಾತು ಕೇಳುತ್ತ ನಮ್ಮ ಹುಡುಗರ ಮೀಸೆ ಬೆಳೆದವು. ಹಾಗಾಗಿ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಟಿಕೀಟಿಲ್ಲ. ಒಳ್ಳೆಯ ಕೆಲಸ, ಒಳ್ಳೆಯದನ್ನು ಒಳ್ಳೆಯದೆಂದೇ ಹೇಳುತ್ತೇವೆ. ಆದರೆ ಅದು ಸಾದಾ ಬಸ್ಸಿಗೆ, ವೇಗದೂತಕ್ಕೆ. ರಾಜಹಂಸಕ್ಕಿಲ್ಲ, ಸ್ಲೀಪರಿಗಿಲ್ಲ. ಕೀಮೋಥೆರಪಿಗೆ ಹೋಗುವ ನಮ್ಮವ್ವ ರಾತ್ರಿಯೆಲ್ಲ ನೆಟ್ಟಗೆ ಕೂತು, ಬಸ್ಸು ಬದಲಿಸಿ, ಮತ್ತೆ ಕೂತು ಹೋಗಬೇಕು. ಜತೆಗೆ ಹೋಗುವ ಮಗನಿಗೆ ಪೂರ್ತಿ ಟಿಕೀಟು, ಅದೂ 2025ರ ಜನವರಿಯಲ್ಲಿ ನೂರಕ್ಕೆ ಹದಿನೈದರಂತೆ ಏರಿದ ದರದಲ್ಲಿ.

ನಸುಕಿಗೆ ಮೆಜೆಸ್ಟಿಕ್ ಬರುತ್ತದೆ. ಕಕ್ಕಸಿಗೆ ರೊಕ್ಕ, ಸ್ನಾನಕ್ಕೆ ರೊಕ್ಕ. ಹೊಟ್ಟೆಗೆ ಇಂದಿರಾ ಕ್ಯಾಂಟೀನು ಇದೆ. 2017ರಲ್ಲಿ ಅದು ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಇಟ್ಟರು. ಆ ತಟ್ಟೆಗೆ ನಮ್ಮ ನಮಸ್ಕಾರ. ಮುಂದೆ ಓಡಾಟ. ಮೆಟ್ರೋದ ಅತಿ ಹೆಚ್ಚಿನ ದರ 2025ರ ಫೆಬ್ರುವರಿಯಲ್ಲಿ ಒಂದೇ ಸಲಕ್ಕೆ 60ರಿಂದ 90 ರೂಪಾಯಿಗೆ ಜಿಗಿಯಿತು. ನಡೀತೀವಿ ಬಿಡ್ರಿ. ನಡೆಯುವುದು ನಮಗೆ ಹೊಸದಲ್ಲ. ನಡೆದು ಹೋಗಿ ಕಚೇರಿಯ ಬಾಗಿಲಿಗೆ ನಿಂತರೆ ಮೂರು ಶಬ್ದ: ಸಾಹೇಬರಿಲ್ಲ, ನಾಳೆ ಬನ್ನಿ.

ಈ ‘ನಾಳೆ ಬನ್ನಿ’ ಅನ್ನುವವನಿಗೆ ಅದರ ಬೆಲೆ ಗೊತ್ತಿಲ್ಲ. ಅವನು ಸಂಜೆ ಮನೆಗೆ ಹೋಗುತ್ತಾನೆ. ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ ಬಂದ ನೇಕಾರನಿಗೆ ಅದು ಒಂದು ದಿನದ ಕೂಲಿ. ಕಬ್ಬು ಕಡಿಯುವ ಟೋಳಿಯಿಂದ ರಜೆ ಕೇಳಿ ಬಂದವನಿಗೆ ಅದು ಮುಕಾದಮನ ಬೈಗುಳ. ಎಲ್ಲರಿಗೂ ಅದು ಇನ್ನೊಂದು ರಾತ್ರಿ. ರೊಟ್ಟಿ ಗಂಟಿನಲ್ಲಿ ತರಬಹುದು. ಮಲಗುವ ನೆಲವನ್ನು ಗಂಟು ಕಟ್ಟಿಕೊಂಡು ಬರಲು ಸಾಧ್ಯವೇ?

ಲಾಡ್ಜಿಗೆ ಹೋಗಿ ಅಂತೀರಾ? ರೊಕ್ಕದ ಮಾತು ಆಮೇಲೆ. ಮೊದಲು ಹೆಸರಿನ ಮಾತು. ನಮ್ಮ ಸೀಮೆಯಲ್ಲಿ ಅಡ್ಡಹೆಸರು ಇಡುವ ರೂಢಿ. ಕೆಲವರಿಗೆ ದೇಸಾಯಿ, ಪಾಟೀಲ ಎಂದಿದೆ. ನಮ್ಮವರಿಗೆ ಮಾದರ ಎಂದಿದೆ, ಹರಿಜನ ಎಂದಿದೆ. ಕೌಂಟರಿನವನು ಆಧಾರ್ ಕಾರ್ಡು ತಿರುಗಿಸಿ ನೋಡಿ, ಒಮ್ಮೆ ಮುಖ ನೋಡಿ, ರೂಮು ಖಾಲಿ ಇಲ್ಲ ಎಂದರೆ, ಅದು ನಿಜವೋ ಸುಳ್ಳೋ ಎಂದು ಕೇಳುವ ಕೋರ್ಟು ರಾತ್ರಿ ಹತ್ತಕ್ಕೆ ಎಲ್ಲಿ ತೆರೆದಿರುತ್ತದೆ? ಕೋಚಿಂಗಿಗೆ ಬಂದ ಹುಡುಗ ಬಾಡಿಗೆ ರೂಮು ಕೇಳಿದರೆ ಮನೆಯೊಡತಿ ಮೊದಲು ಕೇಳುವುದು ಮುಂಗಡ ಎಷ್ಟು ಎಂದಲ್ಲ, ‘ನೀವು ಯಾವ ಪೈಕಿ?’

ಇದು ಬಡತನದ ಮಾತು ಮಾತ್ರ ಅನ್ನುವವರು ಬರೋಡೆಯನ್ನು ನೆನೆಯಲಿ. 1917ರಲ್ಲಿ ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡೆ ಸಂಸ್ಥಾನದ ನೌಕರಿಗೆ ಹೋದರು. ಕೈಯಲ್ಲಿ ಪದವಿ ಇತ್ತು, ದರಬಾರಿನ ನೌಕರಿ ಇತ್ತು. ಮಲಗಲು ಜಾಗ ಇರಲಿಲ್ಲ. ಹೆಸರು ಮರೆಸಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಸಂಜೆಯೊಳಗೆ ಖಾಲಿ ಮಾಡು ಎಂದರು. ಸ್ನೇಹಿತರ ಬಾಗಿಲುಗಳೂ ತೆರೆಯಲಿಲ್ಲ. ಊರ ಉದ್ಯಾನದಲ್ಲಿ ಕೂತು, ಕಣ್ಣೀರು ಹಾಕಿ, ರಾತ್ರಿಯ ರೈಲಿಗೆ ಮುಂಬಯಿಗೆ ಮರಳಿದರು. ನೂರು ವರ್ಷ ದಾಟಿತು. ಬಡಿಗೆ ಹೋಗಿದೆ, ನಗುಮುಖದ ‘ಖಾಲಿ ಇಲ್ಲ’ ಬಂದಿದೆ.

ನಗರಕ್ಕೆ ನಾವು ಭಾರವೆಂದು ಹೇಳುವವರಿದ್ದಾರೆ. ಯಾರ ಭಾರ ಯಾರು ಹೊತ್ತಿದ್ದಾರೆ, ಲೆಕ್ಕ ತೆಗೆಯಿರಿ. ಅಲ್ಲಿ ಚಹಾದಲ್ಲಿ ಕರಗುವ ಸಕ್ಕರೆ ಮುಧೋಳ, ಜಮಖಂಡಿಯ ಕಬ್ಬಿನದು. ಅಲ್ಲಿ ಉಡುವ ಸೀರೆಯಲ್ಲಿ ರಬಕವಿ-ಬನಹಟ್ಟಿಯ ಮಗ್ಗದ ಸದ್ದಿದೆ. ಬೀಳಗಿಯ ಹೊಲ ಹಿನ್ನೀರಿಗೆ ಹೋಯಿತು. ಆ ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ವಿದ್ಯುತ್ ಕೇಂದ್ರ ನಿಂತಿತು. ಅವರ ದೀಪ ಹೊತ್ತಿದೆ. ಆ ದೀಪದ ಕಂಬದ ಕೆಳಗೆ ಟವೆಲು ಹಾಸಿ ಮಲಗಿದ ನಮ್ಮ ಹುಡುಗನನ್ನು ಪೊಲೀಸಿನ ಲಾಠಿ ಎಬ್ಬಿಸುತ್ತದೆ. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು, 2016ರಲ್ಲಿ ಮೀರತ್ತಿನ ಸೇನಾ ಕೇಂದ್ರದಲ್ಲಿ ಜಾಗ ಸಿಕ್ಕಿತು. ನಾಯಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದೇ ಮುಧೋಳದ ಮನುಷ್ಯನಿಗೆ ಸ್ವಂತ ರಾಜಧಾನಿಯಲ್ಲಿ ಆರಡಿ ನೆಲ ಯಾಕಿಲ್ಲ ಎಂದಷ್ಟೇ ಕೇಳುತ್ತೇವೆ.

ಕೇಳಲಿಕ್ಕೂ ನಗರ ಜಾಗ ಗೊತ್ತು ಮಾಡಿದೆ. 2021ರ ಪೊಲೀಸ್ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ ಅಂದರೆ ಫ್ರೀಡಂ ಪಾರ್ಕು. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು! ಜೈಲಾಗಿದ್ದಾಗ ಅಲ್ಲಿ ಬಂದವರಿಗೆ ರಾತ್ರಿ ಮಲಗಲು ಜಾಗವಾದರೂ ಇತ್ತು. ಅಲ್ಲಿ ಸಂಜೆತನಕ ಘೋಷಣೆ ಕೂಗಿ ನಾವು ಮತ್ತೆ ಮೆಜೆಸ್ಟಿಕ್ಕಿನ ಕಲ್ಲು ಬೆಂಚು ಹುಡುಕುತ್ತೇವೆ. ನಾವು ಆರಿಸಿ ಕಳಿಸಿದವರಿಗೆ ಹತ್ತಿರದಲ್ಲೇ ಶಾಸಕರ ಭವನವಿದೆ. ಆರಿಸಿದವರಿಗೆ ಏನಿದೆ?

ಇಷ್ಟು ಜನಕ್ಕೆ ಜಾಗ ಎಲ್ಲಿಂದ ತರೋಣ ಎಂದು ಕೇಳುವವರನ್ನು ಡಿಸೆಂಬರ್ 6ಕ್ಕೆ ಮುಂಬಯಿಯ ದಾದರಿಗೆ ಕರೆದೊಯ್ಯುತ್ತೇವೆ. ನಮ್ಮ ಕೇರಿಗಳಿಂದಲೂ ಹೋಗುತ್ತಾರೆ, ಅದೇ ಬುತ್ತಿ, ಅದೇ ಗಂಟು. ದೇಶದ ಅತಿ ದುಬಾರಿ ನಗರ ಅದು. ಆದರೂ ಚೈತ್ಯಭೂಮಿಗೆ ಬರುವ ಲಕ್ಷಾಂತರ ಜನಕ್ಕಾಗಿ ಶಿವಾಜಿ ಪಾರ್ಕಿನಲ್ಲಿ ಚಪ್ಪರ ಏಳುತ್ತದೆ; ಮುಂಬಯಿ ಮಹಾನಗರ ಪಾಲಿಕೆ ನೀರು ಕೊಡುತ್ತದೆ, ಕಕ್ಕಸು ಕಟ್ಟುತ್ತದೆ; ಕಾರ್ಯಕರ್ತರು ಅನ್ನ ಬಡಿಸುತ್ತಾರೆ. ದಾರಿಯಲ್ಲಿ ಪುಸ್ತಕದ ಅಂಗಡಿ ಸಾಲು. ಗುಡಿಸಲಿನಿಂದ ಬಂದ ಮುದುಕಿ ಅಲ್ಲಿ ನಿಶ್ಚಿಂತೆಯಿಂದ ಕಾಲು ಚಾಚಿ ಮಲಗುತ್ತಾಳೆ. ಯಾವ ಪೈಕಿ ಎಂದು ಯಾರೂ ಕೇಳುವುದಿಲ್ಲ. ಇದು ಯಾರೋ ಮಾಡಿದ ಉಪಕಾರವಲ್ಲ. ಜನ ಬಂದರು, ಪ್ರತಿವರ್ಷ ಬಂದರು, ಹಿಂದೆ ಸರಿಯಲಿಲ್ಲ, ನಗರ ಬಗ್ಗಿತು. ಮುಂಬಯಿಯಲ್ಲಿ ಕೆಲವು ದಿನ ಆಗುವುದು ಬೆಂಗಳೂರಿನಲ್ಲಿ ವರ್ಷವಿಡೀ ಯಾಕಾಗಬಾರದು?

ಕಾನೂನೂ ನಮ್ಮ ಕಡೆಗಿದೆ. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿ ಮಲಗುವ ಒಂದು ತಂಗುದಾಣ ಇರಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2011ರ ಜನಗಣತಿಯಲ್ಲೇ ಬೆಂಗಳೂರಿನ ಜನ 84 ಲಕ್ಷ. ಅಂದರೆ 84 ತಂಗುದಾಣ. ಆಮೇಲೆ ನಗರ ಎಷ್ಟೋ ಬೆಳೆದಿದೆ. ಮೇಲ್ಸೇತುವೆಗೆ ರೊಕ್ಕ ಹುಟ್ಟುವ ಊರಲ್ಲಿ ಮಲಗುವ ನೆಲಕ್ಕೆ ಹುಟ್ಟುವುದಿಲ್ಲವೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಫ್ರೀಡಂ ಪಾರ್ಕಿನ ಬಳಿ, ಮೆಜೆಸ್ಟಿಕ್ಕಿನ ಬಳಿ, ಪ್ರತಿ ಸರಕಾರಿ ದೊಡ್ಡಾಸ್ಪತ್ರೆಯ ಬಳಿ ದೂರದೂರಿಂದ ಬಂದವರಿಗೆ ಮಲಗಲು, ಮೈ ತೊಳೆಯಲು ಜಾಗ ಕಟ್ಟಿರಿ. ಅಡ್ಡಹೆಸರು ನೋಡಿ ಬಾಗಿಲು ಹಾಕಿದವನ ಲೈಸೆನ್ಸು ಕಿತ್ತುಕೊಳ್ಳಿರಿ. ‘ನಾಳೆ ಬನ್ನಿ’ ಅನ್ನುವ ಕಚೇರಿ ಆ ರಾತ್ರಿಯ ಖರ್ಚು ಭರಿಸಲಿ. ಎಲ್ಲಕ್ಕೂ ಮೊದಲು, ಬಾಗಲಕೋಟೆಯಲ್ಲಿ ಆಗಬಹುದಾದ ಕೆಲಸಕ್ಕೆ ನಮ್ಮನ್ನು ಬೆಂಗಳೂರಿಗೆ ಎಳೆಯುವುದನ್ನು ನಿಲ್ಲಿಸಿರಿ.

ಅಲ್ಲಿಯತನಕ ಮಿತವ್ಯಯದ ಪಾಠ ನಮಗೆ ಬೇಡ. ಅರ್ಧ ರೊಟ್ಟಿಯಲ್ಲಿ ದಿನ ದೂಡುವುದನ್ನು ಜಾಣತನ ಎಂದು ಹೊಗಳುವವರು, ಇನ್ನರ್ಧ ಯಾರು ತಿಂದರು ಎಂಬುದನ್ನು ಮುಚ್ಚಿಡುತ್ತಾರೆ.

ಗೆಳೆಯರೆ, ಮುಂದಿನ ಸಲ ಒಬ್ಬೊಬ್ಬರೇ ಹೋಗುವುದು ಬೇಡ. ಒಬ್ಬನಾಗಿ ಹೋದರೆ ಅರ್ಜಿದಾರ, ನೂರು ಮಂದಿ ಹೋದರೆ ಜನ. ನಾಲ್ಕೂ ತಾಲೂಕಿನವರು ಕೂಡಿ ಹೋಗೋಣ. ಬುತ್ತಿ ಕಟ್ಟರಿ, ಹಾಸಾಕ ಕೌದಿ ತಗೊಳ್ರಿ. ನಾಳಿ ಬರ್ರಿ ಅಂದ್ರ, ಅವರ ಬಾಗಿಲದಾಗ ಕೌದಿ ಹಾಸೂಣು.