ಓಟಿಪಿ ಕೇಳಲೇ ಇಲ್ಲ, ದುಡ್ಡು ಹೋಯ್ತು

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಮನೇಲಿ ವಯಸ್ಸಾದವರಿದ್ರೆ ಅವರಿಗೂ ಓದಿ ಹೇಳಿ.

ನಮ್ಮ ಉರಿಗಾಂ ಲೈನಿನಲ್ಲಿ ಒಬ್ಬರು ಪಾಟಿ ಇದ್ದಾರೆ. (ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನೋದು.) ಗಂಡ ಗಣಿಯಲ್ಲಿ ದುಡಿದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಕೆಮ್ಮಿ ಕೆಮ್ಮಿ ಸತ್ತವರು. ಪಾಟಿ ಹತ್ರ ಇರೋದು ಬಟನ್ ಫೋನು. ಎಟಿಎಂ ಕಾರ್ಡ್ ಇಲ್ಲ. ಯುಪಿಐ ಅಂದ್ರೆ ಏನು ಅಂತ ಗೊತ್ತಿಲ್ಲ. ಪಿಂಚಣಿ, ಗೃಹಲಕ್ಷ್ಮಿ ದುಡ್ಡು ಮುಟ್ಟದೆ ಕೂಡಿಟ್ಟಿದ್ದರು, ಮೊಮ್ಮಗಳ ಕಾಲೇಜು ಫೀಸಿಗೆ ಅಂತ. ಒಂದು ಮಂಗಳವಾರ ಪಾಸ್‌ಬುಕ್ ಪ್ರಿಂಟ್ ಹಾಕಿಸಿದ್ರೆ 19,500 ರೂಪಾಯಿ ಇಲ್ಲ. ಶನಿವಾರ 10,000, ಭಾನುವಾರ 9,500.

ಬ್ಯಾಂಕಿನಲ್ಲಿ ಹೇಳಿದ ಮೊದಲ ಮಾತು: ‘ಯಾರಿಗೋ ಓಟಿಪಿ ಕೊಟ್ಟಿರ್ತೀರಾ ಅಮ್ಮ.’

ಪಾಟಿ ಅಳುತ್ತಾ ನಮ್ಮ ಮನೆಗೆ ಬಂದ್ರು. ನಾನು ಕಾಂಪ್ಯೂಟರ್ ತಜ್ಞ ಅಲ್ಲ, ಗುಮಾಸ್ತ. ಆದ್ರೆ ಗುಮಾಸ್ತನಿಗೆ ಕಾಗದ ಓದೋದು ಗೊತ್ತು. ಪಾಸ್‌ಬುಕ್ಕಿನಲ್ಲಿ ಎರಡೂ ಸಾಲಿನ ಮುಂದೆ ‘ಎಇಪಿಎಸ್’ ಅಂತ ಅಚ್ಚಾಗಿತ್ತು. ಅಂದ್ರೆ ಆಧಾರ್ ಮೂಲಕ ದುಡ್ಡು ತೆಗೆಯೋ ವ್ಯವಸ್ಥೆ. ಇದಕ್ಕೆ ಓಟಿಪಿ ಬೇಡ, ಪಿನ್ ಬೇಡ, ಸಹಿ ಬೇಡ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಿನ ಗುರುತು, ಇಷ್ಟಿದ್ರೆ ದೇಶದ ಯಾವ ಮೂಲೆಯ ಏಜೆಂಟನ ಮೆಷಿನ್ನಿನಿಂದಲೂ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ತೆಗೀಬಹುದು. ಪಾಟಿ ಓಟಿಪಿ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ.

ಈಗ ಯೋಚನೆ ಮಾಡಿ. ಕಾರ್ಡ್ ಇಟ್ಕೊಂಡು ಆನ್‌ಲೈನಿನಲ್ಲಿ ಶೂ ಕೊಳ್ಳೋರಿಗೆ ಎರಡನೇ ಬೀಗ ಇರಲೇಬೇಕು ಅಂತ ರಿಸರ್ವ್ ಬ್ಯಾಂಕು 2009ರಲ್ಲೇ ಕಡ್ಡಾಯ ಮಾಡಿತು. ಕೂಲಿ ದುಡ್ಡು, ವಿಧವಾ ವೇತನ ಬರೋ ಖಾತೆಗೆ ಮಾತ್ರ ಒಂದೇ ಬೀಗ ಸಾಕು. ಅದೂ ಎಂಥಾ ಬೀಗ? ಕೀಲಿಕೈಯನ್ನು ಊರೆಲ್ಲಾ ಮುಟ್ಟಿಸಿಕೊಂಡು ಬಂದಿರೋ ಬೀಗ. ಸಿಮ್ ತಗೊಳ್ಳೋಕೆ ಹೆಬ್ಬೆಟ್ಟು, ರೇಷನ್ನಿಗೆ ಹೆಬ್ಬೆಟ್ಟು, ಸಂಘದ ಸಾಲಕ್ಕೆ ಹೆಬ್ಬೆಟ್ಟು, ಸೈಟ್ ರಿಜಿಸ್ಟ್ರೇಷನ್ನಿಗೆ ಹೆಬ್ಬೆಟ್ಟು. ಪಾಸ್‌ವರ್ಡ್ ಕಳುವಾದ್ರೆ ಬದಲಾಯಿಸ್ತೀವಿ. ಬೆರಳು ಬದಲಾಯಿಸೋಕಾಗುತ್ತಾ?

ಇದು ಗೊತ್ತಿಲ್ಲದೆ ಆದದ್ದಲ್ಲ. 2018ರಲ್ಲೇ ತೆಲಂಗಾಣದಲ್ಲಿ ಒಬ್ಬ ಸಿಮ್ ಮಾರೋ ಹುಡುಗ ನೋಂದಣಿ ಇಲಾಖೆ ವೆಬ್‌ಸೈಟಿನ ಕ್ರಯಪತ್ರಗಳಿಂದ ಜನರ ಹೆಬ್ಬೆಟ್ಟು ಎತ್ತಿ, ರಬ್ಬರ್ ಸ್ಟಾಂಪ್ ಮಾಡೋ ಮೆಷಿನ್ನಿನಲ್ಲಿ ನಕಲಿ ಬೆರಳು ಮಾಡಿ ಸಿಕ್ಕಿಬಿದ್ದ. ಐದು ವರ್ಷ ಆದ್ಮೇಲೆ, 2023ರಲ್ಲಿ, ಅದೇ ಕಥೆ ನಮ್ಮ ಕರ್ನಾಟಕದಲ್ಲಿ. ಕಾವೇರಿ ತಂತ್ರಾಂಶದಿಂದ ಇಳಿಸಿಕೊಂಡ ಪತ್ರಗಳಲ್ಲಿದ್ದ ಆಧಾರ್ ನಂಬರು, ಬೆರಳಚ್ಚು ಇಟ್ಕೊಂಡು ಖಾತೆ ಖಾಲಿ ಮಾಡಿದ್ರು. ಮಂಗಳೂರು ಪೊಲೀಸರು ಬಿಹಾರದವರನ್ನು ಹಿಡಿದು ತಂದ್ರು. ಆಮೇಲೆ ಇಲಾಖೆ ಪತ್ರದಲ್ಲಿ ಹೆಬ್ಬೆಟ್ಟು ಕಾಣದ ಹಾಗೆ ಮುಚ್ಚಿತು. ಅಷ್ಟರಲ್ಲಿ ಇಳಿಸಿಕೊಂಡವರು ಇಳಿಸಿಕೊಂಡಾಗಿತ್ತು. ಜೀವಂತ ಬೆರಳೋ ನಕಲಿಯೋ ಕಂಡುಹಿಡಿಯೋ ಹೊಸ ತಪಾಸಣೆ ತಂದಿದ್ದೇವೆ ಅಂತ ಆಧಾರ್ ಪ್ರಾಧಿಕಾರ ಹೇಳಿದ್ದೂ ಅದೇ 2023ರ ಫೆಬ್ರವರಿಯಲ್ಲಿ. ಏಜೆಂಟರನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಿಯೇ ಸೇರಿಸಿಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕು ನಿಯಮ ಹೊರಡಿಸಿದ್ದು 2025ರ ಜೂನ್‌ನಲ್ಲಿ, ಜಾರಿ 2026ರ ಜನವರಿ 1ರಿಂದ. ಇಷ್ಟು ವರ್ಷ ಬೇಕಾಯ್ತು!

ಕೆಜಿಎಫ್‌ನವರಿಗೆ ಹೆಬ್ಬೆಟ್ಟಿನ ಕಥೆ ಹೊಸದಲ್ಲ. 1930ರಲ್ಲಿ ಕಂಪನಿ ಬೆರಳಚ್ಚು ತಗೊಂಡು ಕೂಲಿಗಳನ್ನು ದಾಖಲು ಮಾಡ್ತೀವಿ ಅಂದಾಗ ನಮ್ಮ ತಾತಂದಿರು ಕೆಲಸ ನಿಲ್ಲಿಸಿ ಬೀದಿಗೆ ಬಂದ್ರು. ಬೆರಳಚ್ಚು ತಗೊಳ್ಳೋದು ಕಳ್ಳರದ್ದು, ನಾವೇನು ಕಳ್ಳರಾ ಅನ್ನೋದು ಅವರ ಪ್ರಶ್ನೆ. ಗಣಿಯಿಂದ ಮೇಲೆ ಬಂದವನ ಮೈಯೆಲ್ಲಾ ತಡಕಿ ಬಿಡ್ತಿದ್ದ ಕಾಲ ಅದು. ಕಂಪನಿ ಚಿನ್ನಕ್ಕೆ ಅಷ್ಟು ಕಾವಲು. ಅವರ ಮೊಮ್ಮಕ್ಕಳ 19,500ಕ್ಕೆ ಯಾರ ಕಾವಲು? ಓದು ಬಾರದವರನ್ನು ‘ಹೆಬ್ಬೆಟ್ಟು ಗಿರಾಕಿ’ ಅಂತ ಆಡಿಕೊಂಡ ಸಮಾಜವೇ ಇವತ್ತು ಅದೇ ಹೆಬ್ಬೆಟ್ಟನ್ನ ‘ಡಿಜಿಟಲ್ ಸಬಲೀಕರಣ’ ಅಂತಿದೆ. ನಗಬೇಕೋ ಅಳಬೇಕೋ.

ಇದಕ್ಕೆ ಪರಿಹಾರ ಅಂತ ಹೇಳೋದು: ಬಯೋಮೆಟ್ರಿಕ್ ಲಾಕ್ ಮಾಡಿ. ಒಪ್ತೀನಿ, ಮಾಡಬೇಕು. ಆಧಾರ್ ಆ್ಯಪ್‌ನಲ್ಲೋ ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲೋ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ನಾನು ನಂದು ಲಾಕ್ ಮಾಡಿ ಆಗಿದೆ. ಆದ್ರೆ ನಾನು ಸಂಬಳದವನು, ಸ್ಮಾರ್ಟ್‌ಫೋನ್ ಇದೆ. ಪಾಟಿ ತಿಂಗಳು ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಡಬೇಕು. ಲಾಕ್ ಮಾಡಿದ್ರೆ ಅಕ್ಕಿ ಹೊತ್ತಿಗೆ ಯಾರದೋ ಫೋನ್ ಹಿಡಿದು ತೆರೆಸಬೇಕು. ಆಧಾರಿಗೆ ಕೊಟ್ಟ ಮೊಬೈಲ್ ನಂಬರು ಯಾವತ್ತೋ ಬಂದ್ ಆಗಿದ್ರೆ ಅದೂ ಇಲ್ಲ. ಅಂದ್ರೆ ಬಾಗಿಲು ಹಾಕಿಕೊಂಡ್ರೆ ಅಕ್ಕಿ ಇಲ್ಲ, ತೆರೆದಿಟ್ರೆ ದುಡ್ಡಿಲ್ಲ.

ಬಾಗಿಲು ತೆರೆದಿದ್ದು ಬ್ಯಾಂಕು. ಆಧಾರ್ ಜೋಡಿಸಿದಾಗ ‘ಈ ಸೌಲಭ್ಯ ಬೇಕಾ ಬೇಡವಾ’ ಅಂತ ಪಾಟಿಯನ್ನ ಒಬ್ಬರೂ ಕೇಳಲಿಲ್ಲ. ನನ್ನ ಪ್ರಕಾರ ಕೇಳಿದವರಿಗೆ ಮಾತ್ರ ಕೊಡಬೇಕು. ಎರಡನೇ ಬೀಗ ಇರಬೇಕು. ದಿನದ ಮಿತಿಯನ್ನ ಖಾತೆದಾರರೇ ಗೊತ್ತು ಮಾಡುವಂತಿರಬೇಕು. ‘ಯಾರಿಗೂ ವಿವರ ಹೇಳಬೇಡಿ’ ಅಂತ ಗೋಡೆಗೆ ಅಂಟಿಸಿ, ಅದೇ ಬ್ಯಾಂಕಿನವರೇ ಫೋನ್ ಮಾಡಿ ‘ನಿಮ್ಮ ಜನ್ಮದಿನಾಂಕ ಹೇಳಿ ಸಾರ್’ ಅಂತಾರಲ್ಲ, ಮೊದಲು ಅದು ನಿಲ್ಲಬೇಕು. ಹಾಗೆ ಕೇಳಿದ್ರೆ ಹೇಳೋ ಅಭ್ಯಾಸ ಜನಕ್ಕೆ ಕಲಿಸಿದ್ದೇ ಅವರು. ನನಗೇ ಬಂದಿದೆ ಆ ಕರೆ.

ಇನ್ನು ಹಕ್ಕಿನ ವಿಷಯ, ಇದನ್ನ ಬರೆದಿಟ್ಕೊಳ್ಳಿ. 2017ರ ಜುಲೈ 6ಕ್ಕೆ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತ್ತು, ಅದರಲ್ಲಿ ಹೇಳಿದ್ದು ಇದು. ತಪ್ಪು ಬ್ಯಾಂಕಿನದಾದ್ರೆ ದೂರು ತಡವಾದರೂ ನಿಮ್ಮ ಹೊಣೆ ಸೊನ್ನೆ. ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯಲ್ಲಿ ಇನ್ನೆಲ್ಲೋ ಆಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೂ ಸೊನ್ನೆ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನ ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ಇತ್ಯರ್ಥ ಮಾಡಬೇಕು. ಎಲ್ಲಕ್ಕಿಂತ ದೊಡ್ಡದು: ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡೋ ಭಾರ ಬ್ಯಾಂಕಿನ ಮೇಲೆ. ‘ನೀವೇ ಕೊಟ್ಟಿರ್ತೀರಾ’ ಅಂದ್ರೆ ಆಯ್ತು, ತೋರಿಸಿ ಸ್ವಾಮಿ.

ನಾನು ಪಾಟಿ ಪರವಾಗಿ ಇದನ್ನೇ ಬರೆದುಕೊಂಡು ಬುಧವಾರ ಹೋದೆ. ಮೊದಲು 1930ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ತಗೊಂಡಿದ್ವಿ. ಬ್ಯಾಂಕಿನಲ್ಲಿ ಅರ್ಜಿ ತಗೊಳ್ತೀವಿ, ಸೀಲ್ ಹಾಕಲ್ಲ ಅಂದ್ರು. ಇನ್‌ವರ್ಡ್ ನಂಬರ್ ಇಲ್ಲದ ಅರ್ಜಿ ಕಸದ ಬುಟ್ಟಿಯ ಅರ್ಜಿ ಅಂತ ಇಪ್ಪತ್ತು ವರ್ಷದಿಂದ ನೋಡಿರೋನು ನಾನು. ಕೌಂಟರ್ ಮುಂದೆ ಕೂತೆ, ಪಾಟಿನೂ ಕೂತ್ರು. ಒಂದೂಕಾಲು ಗಂಟೆ. ಸೀಲ್ ಬಿತ್ತು. ಹತ್ತು ದಿನಕ್ಕೆ ದುಡ್ಡು ಬರಲಿಲ್ಲ. ಮೂವತ್ತು ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿದ್ವಿ. ಆಮೇಲೆ 10,000 ಬಂತು. 9,500 ಇನ್ನೂ ಬಂದಿಲ್ಲ. ಮೊಮ್ಮಗಳ ಫೀಸು ಲೈನಿನವರೇ ಸೇರಿಸಿ ಕಟ್ಟಿದ್ವಿ.

ಇದೇ ಭಾನುವಾರ ಬೆಳಿಗ್ಗೆ ಹತ್ತರಿಂದ ಉರಿಗಾಂ ಅಂಬೇಡ್ಕರ್ ಪ್ರತಿಮೆ ಹತ್ರ ನಾನೂ ಇಬ್ಬರು ಹುಡುಗರೂ ಕೂತಿರ್ತೀವಿ. ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ಬನ್ನಿ, ‘ಎಇಪಿಎಸ್’ ಸಾಲು ಇದೆಯಾ ನೋಡೋಣ. ಲಾಕ್ ಮಾಡೋದೂ ತೆಗೆಯೋದೂ ತೋರಿಸಿಕೊಡ್ತೀವಿ. ಆಧಾರಿಗೆ ಕೊಟ್ಟಿರೋ ನಂಬರಿನ ಫೋನ್ ತನ್ನಿ. ಓಟಿಪಿ ಬಂದ್ರೆ ನೀವೇ ಒತ್ತಿ, ನನಗೂ ಹೇಳಬೇಡಿ.